ಮೇಜಿನ ಸುತ್ತ ನಾಲ್ವರು: ಟ್ರೇಡಿಂಗ್ ಕಾರ್ಡ್ ಆಟಕ್ಕೆ ಮನೆನಿಯಮಗಳು

ಟ್ರೇಡಿಂಗ್ ಕಾರ್ಡ್ ಆಟಗಳು ಮುಖ್ಯವಾಗಿ ಇಬ್ಬರ ಆಟಗಳು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಹೆಚ್ಚು ಆಡಿದ್ದು ಎದುರುಬದುರು ಕೂತ ಇಬ್ಬರ ನಡುವೆಯೇ. ಆಮೇಲೆ ಜಪಾನಿನಿಂದ ಬಂದ ಪೋಕೆಮಾನ್, ಯು-ಗಿ-ಓ ಆಟಗಳದ್ದೂ ಇದೇ ಜಾಡು. ಆದರೆ ಮನೆಯಲ್ಲೋ ಹಾಸ್ಟೆಲಿನಲ್ಲೋ ಆಟಕ್ಕೆ ಕೂರುವವರು ಮೂವರಿರಬಹುದು, ಐವರಿರಬಹುದು. ಇಬ್ಬರ ನಿಯಮವನ್ನು ಹಾಗೆಯೇ ಅವರಿಗೆ ಅನ್ವಯಿಸಿದರೆ ಮೂರು ತೊಂದರೆ ತಲೆಯೆತ್ತುತ್ತವೆ. ತನ್ನ ಸರದಿಗಾಗಿ ಕಾಯುವುದೇ ಆಟಕ್ಕಿಂತ ದೊಡ್ಡದಾಗುತ್ತದೆ. ಇಬ್ಬರು ಸೇರಿ ಒಬ್ಬನನ್ನು ಮುಗಿಸಿಬಿಡುತ್ತಾರೆ. ಹಾಗೆ ಮೊದಲೇ ಸೋತವನು ಉಳಿದವರ ಆಟ ಮುಗಿಯುವವರೆಗೆ ಗಂಟೆಗಟ್ಟಲೆ ಸುಮ್ಮನೆ ಕೂರಬೇಕಾಗುತ್ತದೆ.

ಈ ತೊಂದರೆಗಳಿಗೆ ಆಟಗಾರರು ತಾವೇ ಕಂಡುಕೊಳ್ಳುವ ಪರಿಹಾರವೇ ಮನೆನಿಯಮ. ಯಾವುದೇ ಮನೆನಿಯಮ ಯಾವ ತೊಂದರೆಗೆ ಮದ್ದು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು. ಹೇಳಲು ಬಾರದಿದ್ದರೆ ಆ ನಿಯಮ ಆಟಕ್ಕೆ ಹೊರೆ, ಅದನ್ನು ಸೇರಿಸದಿರುವುದೇ ಲೇಸು. ಇಲ್ಲಿನ ಉದಾಹರಣೆಗಳು ಬಹುತೇಕ ಮ್ಯಾಜಿಕ್ ಆಟದವು. ಅದರ ಅಧಿಕೃತ ನಿಯಮಪುಸ್ತಕದ ಎಂಟನೆಯ ಭಾಗ ಪೂರ್ತಿ ಬಹುಜನರ ಆಟಕ್ಕೆ ಮೀಸಲಾಗಿದೆ. ಒಂಬತ್ತನೆಯ ಭಾಗ ವಿರಾಮದ ಆಟದ ಬಗೆಗಳಿಗೆ ಮೀಸಲು. ಅವುಗಳಲ್ಲಿ ಅತಿ ಹೆಸರಾದ ಬಗೆ ಹುಟ್ಟಿದ್ದು ಆಟಗಾರರ ಮೇಜಿನಲ್ಲೇ.

ಆ ಬಗೆಯ ಹೆಸರು ಕಮಾಂಡರ್. ಅಮೆರಿಕದ ಅಲಾಸ್ಕದಲ್ಲಿ 1990ರ ದಶಕದಲ್ಲಿ ಆಡಂ ಸ್ಟೇಲಿ ಎಂಬ ಆಟಗಾರರ ಗುಂಪು ‘ಎಲ್ಡರ್ ಡ್ರ್ಯಾಗನ್ ಹೈಲ್ಯಾಂಡರ್’ ಎಂಬ ಹೆಸರಿನಲ್ಲಿ ಇದನ್ನು ಕಟ್ಟಿಕೊಂಡಿತು. 1994ರ ‘ಲೆಜೆಂಡ್ಸ್’ ಕಂತಿನಲ್ಲಿ ಬಂದಿದ್ದ ಐದು ಹಿರಿಯ ಡ್ರ್ಯಾಗನ್‌ಗಳಲ್ಲಿ ಒಂದನ್ನು ಪ್ರತಿಯೊಬ್ಬರೂ ದಂಡನಾಯಕನಾಗಿ ಆರಿಸಿಕೊಳ್ಳಬೇಕು, ಡೆಕ್ಕಿನ 100 ಕಾರ್ಡುಗಳಲ್ಲಿ, ಬೇರೆ ಕಾರ್ಡುಗಳ ಖರ್ಚಿಗೆ ಬೇಕಾದ ಮನಾ ಕೊಡುವ ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಯಾವುದೂ ಎರಡನೆಯ ಸಲ ಇರಬಾರದು ಎಂಬುದು ಅದರ ತಿರುಳು. ಶೆಲ್ಡನ್ ಮೆನರಿ ಇದನ್ನು ಪಂದ್ಯಗಳ ತೀರ್ಪುಗಾರರ ನಡುವೆ ಹಬ್ಬಿಸಿದರು. 2011ರಲ್ಲಿ ಕಂಪನಿಯೇ ಕಮಾಂಡರ್ ಹೆಸರಿನ ಸಿದ್ಧ ಡೆಕ್ಕುಗಳನ್ನು ಮಾರಾಟಕ್ಕೆ ತಂದಿತು. ಅಷ್ಟಾದರೂ 2024ರ ಸೆಪ್ಟೆಂಬರ್‌ವರೆಗೆ ಅದರ ನಿಯಮಗಳನ್ನು ನೋಡಿಕೊಳ್ಳುತ್ತಿದ್ದದ್ದು ಆಟಗಾರರದೇ ಸಮಿತಿ. ಮನೆಯಲ್ಲಿ ಮಾಡಿದ ನಿಯಮ ಚೆನ್ನಾಗಿದ್ದರೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಈ ಆಟಗಳಲ್ಲಿಲ್ಲ.

ಎಷ್ಟು ಲೈಫ್, ಯಾವ ಕೈ

ಮೊದಲು ತೀರ್ಮಾನವಾಗಬೇಕಾದದ್ದು ಲೈಫ್, ಅಂದರೆ ಸೊನ್ನೆಗೆ ಇಳಿದರೆ ಆಟಗಾರ ಸೋಲುವ ಅಂಕ. ಇಬ್ಬರ ಮ್ಯಾಜಿಕ್‌ನಲ್ಲಿ ತಲಾ 20, ಕಮಾಂಡರ್‌ನಲ್ಲಿ ತಲಾ 40. ಈ ಒಂದು ಅಂಕಿ ಯಾವ ಡೆಕ್ ಬಾಳುತ್ತದೆ, ಯಾವುದು ಬಾಳುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುತ್ತದೆ. ‘ಲೈಟ್ನಿಂಗ್ ಬೋಲ್ಟ್’ ಎಂಬ ಕೆಂಪು ಕಾರ್ಡು ಒಂದು ಮನಾ ಖರ್ಚಿಗೆ 3 ಲೈಫ್ ಇಳಿಸುತ್ತದೆ. 20 ಲೈಫ್ ಇರುವ ಎದುರಾಳಿಯೊಬ್ಬನಿಗೆ ಇಂಥ ಏಳು ಕಾರ್ಡು ಸಾಕು. 40 ಇದ್ದರೆ ಹದಿನಾಲ್ಕು ಬೇಕು. ನಾಲ್ವರ ಮೇಜಿನಲ್ಲಿ 40 ಲೈಫ್‌ನ ಮೂವರನ್ನೂ ಹೀಗೇ ಮುಗಿಸುತ್ತೇನೆಂದು ಹೊರಟರೆ ನಲವತ್ತೆರಡು! ಲೈಫ್ ಏರಿದಷ್ಟೂ ಚುರುಕಿನ ಸಣ್ಣ ಡೆಕ್ಕುಗಳು ಸೊರಗುತ್ತವೆ, ನಿಧಾನವಾಗಿ ಬೆಳೆದು ಕೊನೆಗೆ ಅಬ್ಬರಿಸುವ ಡೆಕ್ಕುಗಳು ಕೊಬ್ಬುತ್ತವೆ. ಕಮಾಂಡರ್‌ನಲ್ಲಿ ಒಬ್ಬನೇ ದಂಡನಾಯಕನಿಂದ ಕಾಳಗದಲ್ಲಿ 21 ಪೆಟ್ಟು ತಿಂದವನು ಲೈಫ್ ಎಷ್ಟೇ ಉಳಿದಿದ್ದರೂ ಸೋಲುತ್ತಾನೆ ಎಂಬ ನಿಯಮವಿದೆ. ಲೈಫ್ ಏರಿಸಿಕೊಳ್ಳುತ್ತಲೇ ಕೂರುವ ಆಟಗಾರನಿಗೂ ಒಂದು ಕೊನೆ ಇರಲಿ ಎಂಬುದೇ ಅದರ ಉದ್ದೇಶ.

ಮನೆಯಲ್ಲಿ ಸಾಮಾನ್ಯವಾಗಿ ಇರುವುದು 60 ಕಾರ್ಡಿನ ಮಾಮೂಲಿ ಡೆಕ್ಕುಗಳು. ಅವುಗಳಿಂದ ನಾಲ್ವರು ಆಡುವಾಗ 30 ಲೈಫ್ ಒಳ್ಳೆಯ ಹದ. ಚುರುಕಿನ ಡೆಕ್ಕಿಗೂ ಆಸೆ ಉಳಿಯುತ್ತದೆ, ಮೂರನೆಯ ಸುತ್ತಿಗೇ ಯಾರೂ ಮನೆಗೆ ಹೋಗುವುದಿಲ್ಲ. ಆರು ಮಂದಿ ಇದ್ದರೆ 20ಕ್ಕೇ ಇಳಿಸಬೇಕು. ಇಲ್ಲವಾದರೆ ಆಟ ಮುಗಿಯುವ ಮೊದಲು ಊಟದ ಹೊತ್ತು ಮೀರುತ್ತದೆ. ಇದೇ ಲೆಕ್ಕ ಪೋಕೆಮಾನ್‌ಗೂ ಹೊಂದುತ್ತದೆ. ಎಲ್ಲವನ್ನೂ ಮೊದಲು ಎತ್ತಿಕೊಂಡವರು ಗೆಲ್ಲುವ ಆರು ಪ್ರೈಜ್ ಕಾರ್ಡು ಇಬ್ಬರ ಆಟದ ಅಳತೆ. ನಾಲ್ವರು ಕೂತರೆ ನಾಲ್ಕಕ್ಕೆ ಇಳಿಸಿ, ಯಾರ ಪೋಕೆಮಾನ್ ಎದುರಾಳಿಯದನ್ನು ಕೆಡವಿತೋ ಅವರು ತಮ್ಮ ಪ್ರೈಜ್ ಎತ್ತಿಕೊಳ್ಳಲಿ ಎಂದು ಗೊತ್ತುಮಾಡಿಕೊಂಡರೆ ಸಾಕು.

ಕೈಗೆ ಬಂದ ಮೊದಲ ಏಳು ಕಾರ್ಡು ಕೆಟ್ಟದಾಗಿದ್ದರೆ ಮತ್ತೆ ಕಲೆಸಿ ತೆಗೆದುಕೊಳ್ಳುವುದಕ್ಕೆ ಮಲಿಗನ್ ಎನ್ನುತ್ತಾರೆ. 2019ರಿಂದ ಜಾರಿಯಲ್ಲಿರುವ ಕ್ರಮದಲ್ಲಿ ಪ್ರತಿ ಸಲವೂ ಏಳನ್ನೇ ಎತ್ತಿ, ಎಷ್ಟನೆಯ ಮಲಿಗನ್ನೋ ಅಷ್ಟು ಕಾರ್ಡನ್ನು ಡೆಕ್ಕಿನ ತಳಕ್ಕೆ ಸೇರಿಸಬೇಕು. ಬಹುಜನರ ಆಟದಲ್ಲಿ ಮೊದಲನೆಯ ಮಲಿಗನ್ ಲೆಕ್ಕಕ್ಕಿಲ್ಲ ಎಂಬುದು ಅಧಿಕೃತ ನಿಯಮವೇ. ಎಲ್ಲರೂ ಬೇರೆ ಬೇರೆಯಾಗಿ ಆಡುವಾಗ ಮೊದಲು ಆಡುವವನೂ ತನ್ನ ಮೊದಲ ಸರದಿಯಲ್ಲಿ ಕಾರ್ಡು ಎತ್ತಿಕೊಳ್ಳಬಹುದು. ಇಬ್ಬರ ಆಟದಲ್ಲಿ ಅವನಿಗೆ ಆ ಅವಕಾಶವಿಲ್ಲ. ಇವೆರಡನ್ನೂ ತಿಳಿಯದೆ ತಮ್ಮದೇ ನಿಯಮ ಹೊಸೆಯುವ ಗುಂಪುಗಳೇ ಹೆಚ್ಚು.

ಮಕ್ಕಳು, ಹೊಸಬರು ಇರುವ ಮೇಜಿಗೆ ಒಂದು ರಿಯಾಯಿತಿ ಸೇರಿಸಬಹುದು: ಕೈಯಲ್ಲಿ ಲ್ಯಾಂಡ್ ಒಂದೂ ಇಲ್ಲದಿದ್ದರೆ, ಒಂದೇ ಇದ್ದರೆ, ಅಥವಾ ಆರೇಳು ಲ್ಯಾಂಡೇ ಬಂದಿದ್ದರೆ ಎಲ್ಲರಿಗೂ ತೋರಿಸಿ ಬಿಟ್ಟಿಯಾಗಿ ಬದಲಾಯಿಸಿಕೊಳ್ಳಬಹುದು. ಇದರ ಬೆನ್ನಿಗೇ ಒಂದು ಷರತ್ತೂ ಬೇಕು. 60ರ ಡೆಕ್ಕಿನಲ್ಲಿ ಸುಮಾರು 24 ಲ್ಯಾಂಡ್ ಇರುವುದು ವಾಡಿಕೆ. ರಿಯಾಯಿತಿಯನ್ನೇ ನಂಬಿ ಲ್ಯಾಂಡ್ ಕಡಿಮೆ ಹಾಕಿಕೊಂಡು ಬಂದವರಿಗೆ ಅದು ಸಿಗಬಾರದು.

ಯಾರು ಯಾರ ಮೇಲೆ

ಬಹುಜನರ ಆಟದ ಜೀವ ಇರುವುದು ಇಲ್ಲಿ. ಯಾರು ಯಾರ ಮೇಲೆ ಬೇಕಾದರೂ ದಾಳಿ ಮಾಡಬಹುದು ಎಂಬುದು ಸರಳ ಕ್ರಮ. ಅದರಲ್ಲಿ ಚೌಕಾಸಿ, ಬೆದರಿಕೆ, ಓಲೈಕೆ ಎಲ್ಲ ಇರುತ್ತದೆ. ಆದರೆ ಮೇಜಿನಲ್ಲಿ ಗಂಡ ಹೆಂಡತಿ, ಅಣ್ಣ ತಮ್ಮ, ರೂಮ್‌ಮೇಟುಗಳು ಇದ್ದರೆ ಅಲ್ಲೊಂದು ಜೋಡಿ ಮೊದಲೇ ಸಿದ್ಧವಾಗಿರುತ್ತದೆ. ಅಂಥ ಕಡೆ ದಾಳಿಯ ದಿಕ್ಕನ್ನು ನಿಯಮದಿಂದಲೇ ಕಟ್ಟುವುದು ಉತ್ತಮ.

ಎಡಗಡೆಯವನ ಮೇಲೆ ಮಾತ್ರ ದಾಳಿ ಎಂಬುದು ಇದಕ್ಕೆ ಬಹಳ ಹಳೆಯ ಉಪಾಯ. ಗಾರ್ಫೀಲ್ಡ್ 1994ರಲ್ಲಿ ರೂಪಿಸಿದ, ಇಂದು ‘ವ್ಯಾಂಪೈರ್: ದಿ ಇಟರ್ನಲ್ ಸ್ಟ್ರಗಲ್’ ಎಂದು ಹೆಸರಾದ ಆಟ ಮೊದಲಿನಿಂದಲೂ ಹಲವರಿಗಾಗಿಯೇ ಕಟ್ಟಿದ್ದು. ಅದರಲ್ಲಿ ಎಡಗಡೆಯವನು ಬೇಟೆ, ಬಲಗಡೆಯವನು ಬೇಟೆಗಾರ. ಎಲ್ಲರೂ 30 ಪೂಲ್ ಅಂಕಗಳಿಂದ ಶುರುಮಾಡುತ್ತಾರೆ. ತನ್ನ ಬೇಟೆಯನ್ನು ಹೊರಗೆ ಹಾಕಿದವನಿಗೆ ಒಂದು ವಿಜಯಾಂಕ, ಜೊತೆಗೆ 6 ಪೂಲ್. ಐವರು ಕೂತಾಗ ಅದರ ರುಚಿ ಪೂರ್ತಿ ಸಿಗುತ್ತದೆ. ತನ್ನನ್ನು ಬೇಟೆಯಾಡುವವನನ್ನು ಹಿಂದಿನಿಂದ ಕಾಡುವವನು, ಅಂದರೆ ಬಲಗಡೆಯವನ ಬಲಗಡೆಯವನು, ಮಾತಿಲ್ಲದೆಯೇ ಮಿತ್ರನಾಗಿಬಿಡುತ್ತಾನೆ. ಆ ಗೆಳೆತನವನ್ನು ಹುಟ್ಟಿಸುವುದು ಕೂತ ಜಾಗ, ಹಳೆಯ ಪರಿಚಯವಲ್ಲ.

ಮ್ಯಾಜಿಕ್‌ಗೆ ಇದನ್ನು ಅಳವಡಿಸುವಾಗ ಎರಡು ಮಾತು ನೆನಪಿರಬೇಕು. ಒಂದು, ದಿಕ್ಕಿನ ಕಟ್ಟು ಇರುವುದು ದಾಳಿಗೂ ಕಾವಲಿಗೂ ನಿಲ್ಲುವ ಕಾರ್ಡುಗಳಾದ ಕ್ರೀಚರ್‌ಗಳ ದಾಳಿಗೆ ಮಾತ್ರ. ಮಂತ್ರಗಳಾದ ಸ್ಪೆಲ್ಲುಗಳನ್ನು ಯಾರ ಮೇಲಾದರೂ ಹಾಕಬಹುದು. ಇದನ್ನು ಮೊದಲೇ ಬಾಯಿಬಿಟ್ಟು ಹೇಳದಿದ್ದರೆ ಜಗಳ ಖಂಡಿತ. ಇನ್ನೊಂದು, ದಾಳಿಗೆ ಹೋಗಿ ಅಡ್ಡ ತಿರುಗಿದ ಕ್ರೀಚರ್ ತನ್ನ ಮುಂದಿನ ಸರದಿ ಬರುವವರೆಗೆ ಕಾವಲು ನಿಲ್ಲಲಾರದು. ಸರದಿ ಎಡಕ್ಕೆ ಸಾಗುವುದರಿಂದ ಬಲಗಡೆಯ ಬೇಟೆಗಾರನ ಸರದಿ ಬರುವುದು ಸುತ್ತಿನ ಕೊನೆಗೆ. ಆಗಲೂ ಅವನ ಮುಂದೆ ಬಾಗಿಲು ತೆರೆದೇ ಇರುತ್ತದೆ. ಹೀಗಾಗಿ ಮೇಜಿನ ಮೇಲಿರುವ ಕ್ರೀಚರ್‌ಗಳನ್ನೆಲ್ಲ ಒಟ್ಟಿಗೆ ದಾಳಿಗೆ ಬಿಡುವುದು ಎಡದಿಕ್ಕಿನ ಆಟದಲ್ಲಿ ದುಬಾರಿ.

ಐವರಿಗೆ ನಕ್ಷತ್ರದ ಆಟವಿದೆ. ಮ್ಯಾಜಿಕ್‌ನ ಐದು ಬಣ್ಣ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಇದೇ ಕ್ರಮದಲ್ಲಿ ಐವರೂ ಸುತ್ತ ಕೂರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಅಕ್ಕಪಕ್ಕದವರು ಮಿತ್ರರು, ಎದುರಿನ ಇಬ್ಬರು ಶತ್ರುಗಳು. ಬಿಳಿಗೆ ಕಪ್ಪು ಮತ್ತು ಕೆಂಪು ಶತ್ರು, ನೀಲಿಗೆ ಕೆಂಪು ಮತ್ತು ಹಸಿರು. ಯಾರ ಇಬ್ಬರು ಶತ್ರುಗಳೂ ಮೊದಲು ಸೋಲುತ್ತಾರೋ ಅವರು ಗೆದ್ದಂತೆ. ಪಕ್ಕದವನು ಮಿತ್ರನೇ, ಆದರೆ ಇಬ್ಬರೂ ಸೇರಿ ಹೊಡೆಯಬೇಕಾದ ಶತ್ರು ಒಬ್ಬನೇ. ಉಳಿದವರಲ್ಲಿ ತನ್ನ ಇನ್ನೊಬ್ಬ ಶತ್ರು ಆ ಮಿತ್ರನಿಗೆ ಮಿತ್ರ. ಗುಂಪುಗಾರಿಕೆ ಇಲ್ಲಿ ಹುಟ್ಟುತ್ತಲೇ ಒಡೆಯುತ್ತದೆ. ಐವರ ಮೇಜಿಗೆ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಸಿಗುವುದು ಕಷ್ಟ.

ಆರು ಮಂದಿ ಮೀರಿದರೆ ಕೈಚಾಚುವ ದೂರಕ್ಕೇ ಮಿತಿ ಹಾಕುವುದು ಅನಿವಾರ್ಯ. ಮಿತಿ ಒಂದು ಎಂದಿಟ್ಟುಕೊಂಡರೆ ದಾಳಿ, ಸ್ಪೆಲ್ ಎರಡೂ ಅಕ್ಕಪಕ್ಕದವರನ್ನಷ್ಟೇ ಮುಟ್ಟುತ್ತವೆ. ಎಲ್ಲ ಕ್ರೀಚರ್‌ಗಳನ್ನೂ ನಾಶಮಾಡುವ ಕಾರ್ಡು ಕೂಡ ಆಡಿದವನ ಮತ್ತು ಅವನ ಇಬ್ಬರು ನೆರೆಯವರ ಕ್ರೀಚರ್‌ಗಳನ್ನು ಮಾತ್ರ ಕೊಲ್ಲುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ‘ಗ್ರ್ಯಾಂಡ್ ಮೆಲೀ’ಯಲ್ಲಿ ಪ್ರತಿ ನಾಲ್ವರಿಗೆ ಒಂದರಂತೆ ಸರದಿಯ ಗುರುತುಗಳನ್ನು ಹಂಚಿ, ಒಂದೇ ಹೊತ್ತಿಗೆ ಹಲವರು ಆಡುವಂತೆ ಮಾಡುತ್ತಾರೆ.

ಮೊದಲ ಮೂರು ಸುತ್ತು ಯಾರೂ ದಾಳಿ ಮಾಡಬಾರದು ಎಂಬ ನಿಯಮ ಹಲವು ಮನೆಗಳಲ್ಲಿದೆ. ಅದು ಹೊರನೋಟಕ್ಕೆ ಮಾತ್ರ ಒಳ್ಳೆಯದು. ನಿಧಾನದ ಡೆಕ್ಕಿಗೆ ಪುಕ್ಕಟೆ ಸಮಯ ಸಿಗುತ್ತದೆ, ಚುರುಕಿನ ಡೆಕ್ಕಿನ ಕತೆ ಅಲ್ಲಿಗೇ ಮುಗಿಯುತ್ತದೆ. ಅದರ ಬದಲು, ಹಿಂದಿನ ಆಟದಲ್ಲಿ ಎಲ್ಲರಿಗಿಂತ ಮೊದಲು ಸೋತವರಿಗೆ ಮಾತ್ರ ಎರಡು ಸುತ್ತಿನ ರಕ್ಷಣೆ ಕೊಡುವುದು ನ್ಯಾಯ. ಎಲ್ಲರೂ ಕೋಟೆ ಕಟ್ಟಿಕೊಂಡು ಕೂತು ಆಟ ಜಡವಾಗುವ ಸಮಸ್ಯೆಗಂತೂ 2016ರ ‘ಕಾನ್ಸ್ಪಿರಸಿ: ಟೇಕ್ ದ ಕ್ರೌನ್’ ಕಂತಿನ ‘ಮೊನಾರ್ಕ್’ ತಕ್ಕ ಔಷಧಿ. ಕಿರೀಟವಿದ್ದವನಿಗೆ ತನ್ನ ಸರದಿಯ ಕೊನೆಗೆ ಒಂದು ಹೆಚ್ಚುವರಿ ಕಾರ್ಡು. ಯಾರ ಕ್ರೀಚರ್ ಅವನಿಗೆ ಕಾಳಗದಲ್ಲಿ ಪೆಟ್ಟು ಕೊಡುತ್ತದೋ ಕಿರೀಟ ಅವರದು. ಕಿರೀಟ ತರುವ ಕಾರ್ಡು ಯಾರ ಡೆಕ್ಕಿನಲ್ಲೂ ಇಲ್ಲದಿದ್ದರೂ, ಮೊದಲ ಪೆಟ್ಟು ಕೊಟ್ಟವರಿಗೆ ಕಿರೀಟ ಎಂದು ಮನೆನಿಯಮ ಮಾಡಿಕೊಂಡರಾಯಿತು. ಮೇಜಿಗೆ ಚಲನೆ ಬರುತ್ತದೆ.

ಮಾತಿನ ಒಪ್ಪಂದಗಳ ಬಗ್ಗೆಯೂ ಎಲ್ಲರದು ಒಂದೇ ತಿಳಿವಳಿಕೆ ಇರಬೇಕು. ಒಪ್ಪಂದ ಎಲ್ಲರಿಗೂ ಕೇಳುವಂತೆ ಆಗಬೇಕು, ಅವಧಿ ಒಂದು ಸುತ್ತು ಮೀರಬಾರದು, ಆಟದ ಹೊರಗಿನ ಆಮಿಷ ಸೇರಬಾರದು. ಇಷ್ಟಿದ್ದರೆ ಮಾತು ಮುರಿದವನ ಮೇಲೆ ಮೇಜೇ ಕಣ್ಣಿಡುತ್ತದೆ, ಬೇರೆ ದಂಡ ಬೇಕಿಲ್ಲ.

ತಂಡ, ಗುಟ್ಟಿನ ಪಾತ್ರ

ಹೊಸಬರಿಗೆ ಕಲಿಸಲು ‘ಟೂ ಹೆಡೆಡ್ ಜೈಂಟ್’ಗೆ ಸಾಟಿಯಿಲ್ಲ. ಇಬ್ಬಿಬ್ಬರ ಎರಡು ತಂಡ, ತಂಡಕ್ಕೆ ಒಟ್ಟಿಗೆ 30 ಲೈಫ್, ಸರದಿಯೂ ಒಟ್ಟಿಗೆ. ಜೊತೆಗಾರರು ಒಬ್ಬರ ಕೈ ಇನ್ನೊಬ್ಬರು ನೋಡಬಹುದು. ಅನುಭವಿಯ ಪಕ್ಕ ಹೊಸಬರನ್ನು ಕೂರಿಸಿದರೆ ಆಟದ ನಡುವೆಯೇ ಪಾಠವೂ ಆಗುತ್ತದೆ. ನಾಲ್ವರಿದ್ದರೂ ಸರದಿ ಎರಡೇ ಆದ್ದರಿಂದ ಕಾಯುವುದೂ ಕಡಿಮೆ.

ಆರು ಮಂದಿಗೆ ‘ಎಂಪರರ್’. ಮೂವರ ತಂಡದ ನಡುವೆ ಚಕ್ರವರ್ತಿ, ಇಕ್ಕೆಲದಲ್ಲಿ ಸೇನಾಪತಿಗಳು. ಚಕ್ರವರ್ತಿ ಬಿದ್ದರೆ ತಂಡವೇ ಸೋತಂತೆ. ಒಬ್ಬನ ಡೆಕ್ ಉಳಿದವರದಕ್ಕಿಂತ ಬಹಳ ಬಲವಾಗಿದ್ದರೆ ಅವನನ್ನೇ ಎಲ್ಲರೂ ಎದುರಿಸುವ ‘ಆರ್ಚ್‌ಎನಿಮಿ’ ಆಡಬಹುದು. 2010ರಲ್ಲಿ ಬಂದ ಆ ಆಟದಲ್ಲಿ ಒಂಟಿ ಆಟಗಾರನಿಗೆ 40 ಲೈಫ್, ಮೊದಲ ಸರದಿ, ಜೊತೆಗೆ ದೊಡ್ಡ ಗಾತ್ರದ ‘ಸ್ಕೀಮ್’ ಕಾರ್ಡುಗಳ ರಾಶಿ ಇರುತ್ತದೆ. ಆ ರಾಶಿ ಇಲ್ಲದವರು ಪ್ರತಿ ಸರದಿಗೆ ಎರಡು ಕಾರ್ಡು ಎತ್ತುವ ಅವಕಾಶ ಕೊಟ್ಟು ಸರಿದೂಗಿಸಬಹುದು.

ಗುಟ್ಟಿನ ಪಾತ್ರಗಳ ಆಟಕ್ಕೆ ಮಾದರಿ ಇಟಲಿಯ ಎಮಿಲಿಯಾನೊ ಶಾರ್ರಾ ರೂಪಿಸಿದ, 2002ರ ‘ಬ್ಯಾಂಗ್!’. ಅದರ ಪಾತ್ರಹಂಚಿಕೆಯನ್ನು ಯಾವ ಕಾರ್ಡಿನಾಟಕ್ಕಾದರೂ ತಂದುಕೊಳ್ಳಬಹುದು, ಬೇಕಾದ ಚೀಟಿಗಳು ಮನೆಯ ಇಸ್ಪೀಟು ಕಟ್ಟಿನಲ್ಲೇ ಇವೆ. ಐವರಿದ್ದರೆ ಒಂದು ರಾಜ, ಒಂದು ಗುಲಾಮ, ಎರಡು ಕಪ್ಪು ಎರಡರ ಎಲೆ, ಒಂದು ಜೋಕರ್ ತೆಗೆದು ಕಲೆಸಿ ಹಂಚಬೇಕು. ರಾಜ ಬಂದವನು ಎಲೆ ತೋರಿಸಿ, 10 ಲೈಫ್ ಹೆಚ್ಚಿಗೆ ಪಡೆದು ಆಟ ಶುರುಮಾಡುತ್ತಾನೆ. ಉಳಿದವರು ಎಲೆ ಮುಚ್ಚಿಡುತ್ತಾರೆ. ಗುಲಾಮ ರಾಜನ ಅಂಗರಕ್ಷಕ. ಎರಡರ ಎಲೆಯವರು ರಾಜನನ್ನು ಕೊಂದರೆ ಗೆದ್ದಂತೆ. ಜೋಕರ್ ಬಂದವನು ಮೊದಲು ಉಳಿದವರೆಲ್ಲ ಮುಗಿಯುವಂತೆ ನೋಡಿಕೊಂಡು, ಕೊನೆಗೆ ರಾಜನನ್ನು ಕೊಲ್ಲಬೇಕು. ಅಲ್ಲಿಯವರೆಗೆ ಅವನು ರಾಜನಿಗೆ ನಿಷ್ಠನಂತೆಯೇ ಕಾಣುತ್ತಾನೆ. ಸತ್ತವರ ಎಲೆಯನ್ನು ಎಲ್ಲರಿಗೂ ತೋರಿಸಬೇಕು. ಡೆಕ್ಕುಗಳ ಬಲ ಹೆಚ್ಚುಕಡಿಮೆ ಇದ್ದಾಗಲೂ ಈ ಆಟ ಕೆಡುವುದಿಲ್ಲ, ಏಕೆಂದರೆ ಬಲಶಾಲಿ ಯಾರ ಕಡೆಯವನೆಂದು ಯಾರಿಗೂ ಗೊತ್ತಿರುವುದಿಲ್ಲ.

ನಡುವೆ ಎದ್ದು ಹೋಗುವವರು

ಮ್ಯಾಜಿಕ್‌ನಲ್ಲಿ ಆಟಗಾರ ಸೋತರೆ ಅಥವಾ ಸೋಲೊಪ್ಪಿದರೆ ಅವನಿಗೆ ಸೇರಿದ ಕಾರ್ಡುಗಳೆಲ್ಲ ಅವನೊಂದಿಗೇ ಆಟದಿಂದ ಹೊರಗೆ ಹೋಗುತ್ತವೆ. ಬೇರೆಯವರ ವಶದಲ್ಲಿದ್ದರೂ ಅಷ್ಟೇ. ಸೋಲೊಪ್ಪಲು ಇಂಥದೇ ಹೊತ್ತು ಎಂದೂ ಇಲ್ಲ. ಇವೆರಡೂ ಸೇರಿದಾಗ ಏನಾಗಬಹುದು ನೋಡಿ. ಮೊದಲನೆಯವನ ಬಳಿ 3 ಲೈಫ್ ಉಳಿದಿದೆ. ಕೊಟ್ಟ ಪೆಟ್ಟಿನಷ್ಟೇ ಲೈಫ್ ತಂದುಕೊಡುವ, 6 ಬಲದ ಕ್ರೀಚರ್‌ನಿಂದ ಅವನು ಎರಡನೆಯವನ ಮೇಲೆ ದಾಳಿ ಮಾಡುತ್ತಾನೆ. ಪೆಟ್ಟು ಬಿದ್ದರೆ ಅವನು 9ಕ್ಕೆ ಏರಿ ಉಳಿಯುತ್ತಾನೆ. ಹೇಗೂ ಸಾಯಲಿರುವ ಎರಡನೆಯವನು ಪೆಟ್ಟು ಬೀಳುವ ಮೊದಲೇ ಸೋಲೊಪ್ಪಿ ಎದ್ದುಬಿಡುತ್ತಾನೆ. ದಾಳಿಗೆ ಗುರಿಯೇ ಇಲ್ಲದಂತಾಗಿ ಮೊದಲನೆಯವನು 3ರಲ್ಲೇ ಉಳಿಯುತ್ತಾನೆ, ಮೂರನೆಯವನು ಅವನನ್ನು ಸಲೀಸಾಗಿ ಮುಗಿಸುತ್ತಾನೆ. ಇಡೀ ಆಟವನ್ನು ತೀರ್ಮಾನಿಸಿದ್ದು ಒಬ್ಬನ ಮುನಿಸು.

ಇದಕ್ಕೆ ಮನೆನಿಯಮ ಬೇಕೇ ಬೇಕು. ಸೋಲೊಪ್ಪುವುದು ತನ್ನ ಸರದಿಯಲ್ಲಿ ಮಾತ್ರ, ಆಗ ಯಾವ ಸ್ಪೆಲ್ಲೂ ಇತ್ಯರ್ಥಕ್ಕೆ ಬಾಕಿ ಇರಬಾರದು. ಮನೆಯಿಂದ ಫೋನ್ ಬಂದು ನಿಜಕ್ಕೂ ಹೋಗಬೇಕಾದವರು ಹೋಗಲಿ. ಆದರೆ ಅವರ ಕಾರ್ಡುಗಳು ಆ ಸರದಿ ಮುಗಿಯುವವರೆಗೆ ಮೇಜಿನ ಮೇಲಿದ್ದು, ಪೆಟ್ಟೂ ಲೈಫೂ ಲೆಕ್ಕಕ್ಕೆ ಬರಲಿ.

ಹೊತ್ತಿಗೂ ಮಿತಿ ಬೇಕು. ಒಬ್ಬೊಬ್ಬರು ಮೂರು ನಿಮಿಷ ತೆಗೆದುಕೊಂಡರೆ ನಾಲ್ವರ ಮೇಜಿನಲ್ಲಿ ಕಾಯುವುದು ಒಂಬತ್ತು ನಿಮಿಷ, ಆರು ಮಂದಿಯಿದ್ದರೆ ಹದಿನೈದು. ಇಡೀ ಆಟಕ್ಕೆ ತೊಂಬತ್ತು ನಿಮಿಷ ಎಂದು ಮೊಬೈಲಿನಲ್ಲಿ ಅಲಾರಂ ಇಟ್ಟು, ಅದು ಬಡಿದ ಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಸರದಿ ಕೊಟ್ಟು ನಿಲ್ಲಿಸಬಹುದು. ಆಗ ಲೈಫ್ ಹೆಚ್ಚಿರುವವನೇ ಗೆದ್ದ ಎನ್ನುವುದು ತಪ್ಪು ಪದ್ಧತಿ. ಎಲ್ಲರೂ ಗೂಡಿಗೆ ಸೇರಿಕೊಳ್ಳುತ್ತಾರೆ. ವ್ಯಾಂಪೈರ್ ಪಂದ್ಯಗಳಲ್ಲಿ ಎದುರಾಳಿಯನ್ನು ಹೊರಹಾಕಿದ್ದಕ್ಕೆ ಒಂದು ಅಂಕ, ಹೊತ್ತು ಮುಗಿದಾಗ ಉಳಿದವರಿಗೆ ತಲಾ ಅರ್ಧ ಅಂಕ. ಮನೆಗೂ ಆ ಲೆಕ್ಕವೇ ಸರಿ.

ಯಾವ ಕಾರ್ಡು ಬೇಡ

ಕಾರ್ಡುಗಳ ನಿಷೇಧಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಎಲ್ಲರ ಲ್ಯಾಂಡುಗಳನ್ನೂ ನಾಶಮಾಡುವ ‘ಆರ್ಮಗೆಡನ್’ನಂಥವು, ಸಾಲುಸಾಲಾಗಿ ಹೆಚ್ಚುವರಿ ಸರದಿ ಕೊಡುವಂಥವು, ಕೊನೆಯಿಲ್ಲದ ಕಾಂಬೋಗಳು — ಬಹುಪಾಲು ಗುಂಪುಗಳಿಗೆ ಬೇಡವಾಗುವುದು ಈ ಮೂರೇ. ಇವುಗಳ ದೋಷ ಬಲವಲ್ಲ. ಲ್ಯಾಂಡುಗಳಿಲ್ಲದ ಮೂವರು ಆಡಲೂ ಆಗದೆ ಸೋಲಲೂ ಆಗದೆ ಕೂರುತ್ತಾರೆ, ಅದೇ ದೋಷ. ಕಂಪನಿಯೂ 2025ರ ಫೆಬ್ರವರಿಯಲ್ಲಿ ಕಮಾಂಡರ್ ಡೆಕ್ಕುಗಳನ್ನು ಬಲಕ್ಕೆ ತಕ್ಕಂತೆ ಐದು ಹಂತಗಳಾಗಿ ವಿಂಗಡಿಸುವ ಪದ್ಧತಿಯನ್ನು ಪ್ರಯೋಗಕ್ಕೆ ಬಿಟ್ಟಿತು. ಆಡುವ ಮೊದಲು ತಮ್ಮ ಡೆಕ್ ಯಾವ ಹಂತದ್ದು ಎಂದು ಎಲ್ಲರೂ ಹೇಳಿಬಿಟ್ಟರೆ ಅರ್ಧ ಅಸಮಾಧಾನ ಅಲ್ಲೇ ತೀರುತ್ತದೆ.

ಹಣದ ಅಂತರವೂ ಮೇಜನ್ನು ಕೆಡಿಸುತ್ತದೆ. ಡೆಕ್ಕಿಗೆ ಇಂತಿಷ್ಟು ರೂಪಾಯಿ ಮೀರಬಾರದು ಎಂಬ ಮಿತಿ ಒಂದು ದಾರಿ. ದುಬಾರಿ ಕಾರ್ಡಿನ ಬದಲು ಹೆಸರು ಬರೆದ ಚೀಟಿಯನ್ನು ಸ್ಲೀವಿನಲ್ಲಿ ಹಾಕಿಕೊಳ್ಳಲು ಎಲ್ಲರಿಗೂ ಒಪ್ಪಿಗೆ ಕೊಡುವುದು ಇನ್ನೊಂದು. ಅಧಿಕೃತ ಪಂದ್ಯಗಳಲ್ಲಿ ಇದು ನಡೆಯದು, ಮನೆಯಲ್ಲಿ ಧಾರಾಳವಾಗಿ ನಡೆಯಬಹುದು. ಕಾರ್ಡನ್ನು ಪಣಕ್ಕಿಡುವುದು ಮಾತ್ರ ಬೇಡ. ಮ್ಯಾಜಿಕ್‌ನ ಮೊದಲ ವರ್ಷಗಳಲ್ಲಿ ಆಟಕ್ಕೆ ಮುಂಚೆ ಒಂದೊಂದು ಕಾರ್ಡನ್ನು ಪಣಕ್ಕಿಟ್ಟು, ಗೆದ್ದವನು ಒಯ್ಯುವ ನಿಯಮವೇ ಇತ್ತು. ಅದು ಬಹಳ ಬೇಗ ಬಿದ್ದುಹೋಯಿತು. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಮರುಜೀವ ಕೊಡಬಾರದು.

ಡೆಕ್ಕೇ ಇಲ್ಲದವರೊಂದಿಗೆ ಆಡಲು ಒಂದೇ ರಾಶಿಯ ಆಟವಿದೆ. ಉಳಿದುಬಿದ್ದ ಕಾರ್ಡುಗಳನ್ನೆಲ್ಲ ಕಲೆಸಿ ನಡುವೆ ಒಂದು ರಾಶಿ, ಮೂಲ ಲ್ಯಾಂಡುಗಳದು ಪಕ್ಕದಲ್ಲಿ ಇನ್ನೊಂದು ರಾಶಿ. ಮೊದಲಿಗೆ ನಾಲ್ಕು ಸ್ಪೆಲ್ಲು, ಮೂರು ಲ್ಯಾಂಡು ಎತ್ತಿಕೊಂಡು, ಆಮೇಲೆ ಪ್ರತಿ ಸರದಿಗೆ ಯಾವ ರಾಶಿಯಿಂದ ಎತ್ತಬೇಕೆಂದು ಆಟಗಾರನೇ ಆರಿಸುತ್ತಾನೆ. ಲ್ಯಾಂಡ್ ಯಾವ ಬಣ್ಣದ ಮನಾ ಬೇಕಾದರೂ ಕೊಡುತ್ತದೆ ಎಂದಿಟ್ಟುಕೊಂಡರೆ ತೊಡಕೇ ಇಲ್ಲ. ಡೆಕ್ ಕಟ್ಟಲು ಖರ್ಚಿಲ್ಲ, ಒಬ್ಬರ ಕಾರ್ಡು ಇನ್ನೊಬ್ಬರದಕ್ಕಿಂತ ಮೇಲೆಂಬ ಮಾತಿಲ್ಲ.

ನಿಯಮಗಳನ್ನು ಕಾರ್ಡು ಕಲೆಸುವ ಮೊದಲೇ ಓದಿ ಹೇಳಬೇಕು, ಆಟದ ನಡುವೆ ಬದಲಾಯಿಸಬಾರದು. ಒಂದು ಸಂಜೆಗೆ ಹೊಸದು ಒಂದೇ ಸೇರಲಿ. ಎರಡನ್ನು ಒಟ್ಟಿಗೆ ಸೇರಿಸಿದರೆ ಯಾವುದರಿಂದ ಆಟ ಸುಧಾರಿಸಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ನಿಯಮ ಬೇಕೋ ಬೇಡವೋ ಎಂಬ ಮಾತು ಬಂದಾಗ ಗೆದ್ದವರಿಗಿಂತ ಮೊದಲು ಸೋತವರ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಇರಲಿ. ಹೊಸದಾಗಿ ಶುರುಮಾಡುವ ನಾಲ್ವರಿಗೆ ತಲಾ 30 ಲೈಫ್, ಬಿಟ್ಟಿ ಮಲಿಗನ್ ಒಂದು, ಮೊದಲ ಪೆಟ್ಟಿಗೆ ಕಿರೀಟ, ಸೋಲೊಪ್ಪುವುದು ತನ್ನ ಸರದಿಯಲ್ಲಿ ಮಾತ್ರ, ತೊಂಬತ್ತು ನಿಮಿಷದ ಅಲಾರಂ — ಈ ಐದು ಸಾಕು.